ಒಂದು ಬೈಕು, ಎರಡು ಆಂಪ್ಲಿಫೈಯರ್: ಕರೆಂಟಿನ ಲೆಕ್ಕ ತಪ್ಪುವುದು ಎಲ್ಲಿ?

ಪ್ರಶ್ನೆ: ನಾನು ಅಮೆರಿಕದ ಆಸ್ಟಿನ್‌ನಲ್ಲಿದ್ದೇನೆ. ನನ್ನ 2015ರ ಹಾರ್ಲೆ-ಡೇವಿಡ್‌ಸನ್ ಸ್ಟ್ರೀಟ್ ಗ್ಲೈಡ್ ಬೈಕಿನ ಮುಂಭಾಗದಲ್ಲಿ ನಾಲ್ಕು, ಹಿಂಬದಿಯ ಸ್ಯಾಡಲ್‌ಬ್ಯಾಗುಗಳಲ್ಲಿ ನಾಲ್ಕು, ಒಟ್ಟು ಎಂಟು ಸ್ಪೀಕರುಗಳಿವೆ. ಎಲ್ಲವೂ 2 ಓಮ್‌ನವು. ಅವುಗಳಿಗಾಗಿ ಕ್ಲಾಸ್ ಡಿ ಮಾದರಿಯ ಎರಡು ಆಂಪ್ಲಿಫೈಯರುಗಳನ್ನು ಹ್ಯಾಂಡಲಿನ ಮುಂದಿರುವ ಫೇರಿಂಗ್ ಎಂಬ ಗಾಳಿತಡೆ ಕವಚದೊಳಗೆ ಕೂರಿಸಿದ್ದೇನೆ. ಪ್ರತಿಯೊಂದಕ್ಕೂ ನಾಲ್ಕು ಚಾನೆಲ್, ಪ್ರತಿ ಚಾನೆಲ್‌ಗೆ 100 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ). ಬ್ಯಾಟರಿಯಿಂದ ಬಂದ ಒಂದು 8 ಗೇಜ್ ವೈರು (ಗೇಜ್ ಸಂಖ್ಯೆ ಇಳಿದಷ್ಟೂ ವೈರು ದಪ್ಪ) ಮೊದಲ ಆಂಪ್ಲಿಫೈಯರಿಗೆ, ಅಲ್ಲಿಂದ ಎರಡನೆಯದಕ್ಕೆ ಹೋಗಿದೆ. ನೆಗೆಟಿವ್ ವೈರುಗಳನ್ನು ಫೇರಿಂಗ್‌ನ ಬ್ರಾಕೆಟ್‌ಗೆ ಬಿಗಿದಿದ್ದೇನೆ. ಹೆದ್ದಾರಿಯಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಸಂಜೆಯ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಕಳೆದರೆ ವೋಲ್ಟೇಜ್ 12.1ಕ್ಕೆ ಇಳಿದು, ಎರಡನೇ ಆಂಪ್ಲಿಫೈಯರ್ ತಾನಾಗಿ ಆಫ್ ಆಗುತ್ತದೆ. ಒಮ್ಮೆ ಬೈಕು ಸ್ಟಾರ್ಟ್ ಕೂಡ ಆಗಲಿಲ್ಲ. ಎಂಜಿನ್ ವೇಗ ಏರಿದಂತೆ ಸ್ಪೀಕರಿನಲ್ಲಿ ಕೀರಲು ಸದ್ದೂ ಬರುತ್ತದೆ. ಒಬ್ಬರು ದೊಡ್ಡ ಕೆಪಾಸಿಟರ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಎರಡನೇ ಬ್ಯಾಟರಿ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಈಗಿನ ಸ್ಥಿತಿಯಲ್ಲಿ ಇಬ್ಬರ ಮಾತೂ ಸರಿಯಲ್ಲ. ಕೆಪಾಸಿಟರಾಗಲಿ ಬ್ಯಾಟರಿಯಾಗಲಿ ಕರೆಂಟನ್ನು ಉತ್ಪಾದಿಸುವುದಿಲ್ಲ, ಉತ್ಪಾದನೆಯಾದದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ ಅಷ್ಟೆ. ನಿಮ್ಮ ಬೈಕಿನಲ್ಲಿ ಕರೆಂಟು ಹುಟ್ಟುವುದು ಒಂದೇ ಕಡೆ, ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿದ ಆಲ್ಟರ್ನೇಟರಿನಲ್ಲಿ. ಆದ್ದರಿಂದ ಬೈಕಿಗೆ ಎಷ್ಟು ಆಂಪ್ಲಿಫೈಯರ್ ಹಾಕಬಹುದು ಎನ್ನುವುದಕ್ಕಿಂತ, ನೀವು ಹಾಡು ಕೇಳುವ ಹೊತ್ತಿನಲ್ಲಿ ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿರುತ್ತದೆ, ಆ ವೇಗದಲ್ಲಿ ಬೈಕು ತನ್ನ ಸ್ವಂತ ಬಳಕೆಗೆ ತೆಗೆದುಕೊಂಡ ಮೇಲೆ ಎಷ್ಟು ಆಂಪಿಯರ್ ಉಳಿಯುತ್ತದೆ ಎನ್ನುವುದೇ ಮುಖ್ಯ ಪ್ರಶ್ನೆಯಾಗುತ್ತದೆ. ಮಾತಿನಲ್ಲಿ ಆಂಪ್ಲಿಫೈಯರನ್ನೂ ಆಂಪಿಯರನ್ನೂ ನಾವು ‘ಆಂಪ್’ ಎಂದೇ ಕರೆದು ಗೊಂದಲ ಮಾಡಿಕೊಳ್ಳುತ್ತೇವೆ. ಈ ಉತ್ತರದಲ್ಲಿ ಎರಡನ್ನೂ ಪೂರ್ತಿ ಹೆಸರಿನಿಂದಲೇ ಕರೆಯುತ್ತೇನೆ.

ಮೊದಲು ಆಲ್ಟರ್ನೇಟರಿನ ಸ್ವಭಾವವನ್ನು ನೋಡೋಣ. ಕಾರಿನ ಆಲ್ಟರ್ನೇಟರಿನಲ್ಲಿ ತಿರುಗುವ ಭಾಗದ ಕಾಂತಶಕ್ತಿಯನ್ನು ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಬೇಕಾದಂತೆ ಹೆಚ್ಚು ಕಡಿಮೆ ಮಾಡುತ್ತದೆ, ಅಲ್ಲದೆ ಬೆಲ್ಟು ಮತ್ತು ಪುಲ್ಲಿಯ ನೆರವಿನಿಂದ ಆ ಭಾಗ ಎಂಜಿನ್ನಿಗಿಂತ ವೇಗವಾಗಿ ತಿರುಗುತ್ತದೆ. ನಿಮ್ಮ ಬೈಕಿನಲ್ಲಿರುವುದು ಶಾಶ್ವತ ಕಾಂತಗಳ ರೋಟರ್. ಅದು ಕ್ರ್ಯಾಂಕ್‌ಶಾಫ್ಟಿನ ವೇಗದಲ್ಲೇ ತಿರುಗುತ್ತದೆ ಮತ್ತು ಅದರ ಕಾಂತಬಲ ಹೆಚ್ಚಿಸಿದರೆ ಹೆಚ್ಚುವಂಥದ್ದಲ್ಲ. ಎಂಜಿನ್ ನಿಧಾನವಾದರೆ ಉತ್ಪಾದನೆಯೂ ಕುಗ್ಗುತ್ತದೆ, ಬೇಡಿಕೆ ಎಷ್ಟೇ ಇರಲಿ. ನಿಮ್ಮ ಕಾಲದ ಟೂರಿಂಗ್ ಮಾದರಿಗಳಿಗೆ ತಯಾರಕರು ಕೊಟ್ಟಿರುವ ಅಂಕಿ ಹೀಗಿದೆ: 13 ವೋಲ್ಟ್‌ನಲ್ಲಿ, 2000 ಆರ್‌ಪಿಎಂಗೆ 585 ವ್ಯಾಟ್, ಗರಿಷ್ಠ 650 ವ್ಯಾಟ್. ಅಂದರೆ 2000 ಆರ್‌ಪಿಎಂನಲ್ಲಿ 45 ಆಂಪಿಯರ್, ಗರಿಷ್ಠ 50 ಆಂಪಿಯರ್. ಎಂಜಿನ್ ಐಡಲ್‌ನಲ್ಲಿ ಸುಮಾರು 1000 ಆರ್‌ಪಿಎಂಗೆ ತಿರುಗುತ್ತಿರುವಾಗ ಗರಿಷ್ಠದ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆಂದು ನಂಬಿ ಲೆಕ್ಕ ಹಾಕುವುದು ಜಾಣತನವಲ್ಲ. ನಾನು ಅದನ್ನು 25 ಆಂಪಿಯರ್ ಎಂದು ಹಿಡಿಯುತ್ತೇನೆ.

ಇನ್ನು ಬೈಕಿನ ಸ್ವಂತ ಖರ್ಚು. ಇಂಧನದ ಪಂಪು, ಇಂಜೆಕ್ಟರುಗಳು, ಇಗ್ನಿಷನ್ ಕಾಯಿಲ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೆಡ್‌ಲೈಟ್, ಹಿಂದಿನ ದೀಪಗಳು, ಎಬಿಎಸ್, ಕಂಪನಿಯ ರೇಡಿಯೊ, ಎಲ್ಲವನ್ನೂ ಸೇರಿಸಿದರೆ ಇಂಥ ಬೈಕಿಗೆ 20ರಿಂದ 25 ಆಂಪಿಯರ್ ಬೇಕಾಗುತ್ತದೆ. ಲೆಕ್ಕಕ್ಕಾಗಿ 23 ಎಂದಿಟ್ಟುಕೊಳ್ಳೋಣ. ನಿಮ್ಮ ಬೈಕಿನ ನಿಜವಾದ ಅಂಕಿಯನ್ನು ತಿಳಿಯಲು ಡಿಸಿ ಅಳೆಯಬಲ್ಲ ಕ್ಲಾಂಪ್ ಮೀಟರ್ ಒಂದು ಸಾಕು. ಹಾಗಾದರೆ ಹೆದ್ದಾರಿಯಲ್ಲಿ, ಎಂಜಿನ್ 2500 ಆರ್‌ಪಿಎಂ ಆಸುಪಾಸಿನಲ್ಲಿರುವಾಗ, ಆಂಪ್ಲಿಫೈಯರುಗಳಿಗೆ ಉಳಿಯುವುದು ಸುಮಾರು 25 ಆಂಪಿಯರ್. ಸಿಗ್ನಲ್ಲಿನಲ್ಲಿ ನಿಂತಾಗ ಉಳಿಯುವುದು 2 ಆಂಪಿಯರ್, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ.

ಈಗ ಆಂಪ್ಲಿಫೈಯರುಗಳ ಹಸಿವನ್ನು ಅಳೆಯೋಣ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸುವ ‘ಮ್ಯಾಕ್ಸ್’ ವ್ಯಾಟನ್ನು ಮರೆತುಬಿಡಿ, ಆರ್‌ಎಂಎಸ್ ಅಂಕಿಯನ್ನು ಮಾತ್ರ ನೋಡಿ. ಅದನ್ನೂ ಫ್ಯೂಸಿನೊಂದಿಗೆ ಹೋಲಿಸಿ ಪರೀಕ್ಷಿಸಬಹುದು: ಒಂದು ಆಂಪ್ಲಿಫೈಯರಿಗೆ 40 ಆಂಪಿಯರ್ ಫ್ಯೂಸ್ ಇದ್ದರೆ, 13.8 ವೋಲ್ಟ್‌ನಲ್ಲಿ ಅದು ಒಳಗೆ ಎಳೆಯಬಲ್ಲದ್ದು 552 ವ್ಯಾಟ್, 80 ಶೇಕಡಾ ದಕ್ಷತೆಯಲ್ಲಿ ಹೊರಗೆ ಕೊಡಬಲ್ಲದ್ದು ಸುಮಾರು 440 ವ್ಯಾಟ್. ನಿಮ್ಮ 400 ವ್ಯಾಟಿನ ಹೇಳಿಕೆ ಆ ಲೆಕ್ಕಕ್ಕೆ ಹೊಂದುತ್ತದೆ. 40 ಆಂಪಿಯರ್ ಫ್ಯೂಸಿನ ಪೆಟ್ಟಿಗೆಯ ಮೇಲೆ 1600 ವ್ಯಾಟ್ ಎಂದು ಬರೆದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಕ್ಲಾಸ್ ಡಿ ಆರಿಸಿದ್ದು ಒಳ್ಳೆಯ ನಿರ್ಧಾರ. ಹಳೆಯ ಕ್ಲಾಸ್ ಎಬಿ ಮಾದರಿಯಾಗಿದ್ದರೆ ಎಳೆದ ಕರೆಂಟಿನ ಹತ್ತಿರ ಹತ್ತಿರ ಅರ್ಧದಷ್ಟು ಶಾಖವಾಗಿ ಹೋಗುತ್ತಿತ್ತು.

ಎರಡೂ ಆಂಪ್ಲಿಫೈಯರುಗಳು ಒಂದೇ ಸಮನಾದ ಟೋನನ್ನು ಪೂರ್ಣ ಶಕ್ತಿಯಲ್ಲಿ ನುಡಿಸಿದರೆ 800 ವ್ಯಾಟ್ ಹೊರಗೆ, 1000 ವ್ಯಾಟ್ ಒಳಗೆ, ಅಂದರೆ ಸುಮಾರು 72 ಆಂಪಿಯರ್ ಬೇಕು. ಇಡೀ ಆಲ್ಟರ್ನೇಟರನ್ನು ಕೊಟ್ಟರೂ ಸಾಲದು. ಆದರೆ ಸಂಗೀತ ಹಾಗೆ ನಡೆಯುವುದಿಲ್ಲ. ಮೃದಂಗದ ಒಂದು ಪೆಟ್ಟಿಗೆ ಪೂರ್ಣ ಶಕ್ತಿ ಬೇಕಾದೀತು, ಆ ಪೆಟ್ಟಿಗೂ ಮುಂದಿನದಕ್ಕೂ ನಡುವಿನ ಅವಕಾಶದಲ್ಲಿ ಬಹಳ ಕಡಿಮೆ ಸಾಕು. ಏರಿಳಿತ ಚೆನ್ನಾಗಿರುವ ಧ್ವನಿಮುದ್ರಣವನ್ನು ಒಡೆಯದಂತೆ ನುಡಿಸಿದಾಗ ಸರಾಸರಿ ಶಕ್ತಿ ಗರಿಷ್ಠದ ಎಂಟನೇ ಒಂದು ಭಾಗದಷ್ಟು ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಕಡಿಮೆ ಶಕ್ತಿಯಲ್ಲಿ ದಕ್ಷತೆ ಇಳಿಯುವುದನ್ನೂ ಗಣಿಸಿದರೆ, ಆಗ ಎರಡೂ ಆಂಪ್ಲಿಫೈಯರುಗಳು ಸೇರಿ ಎಳೆಯುವುದು ಸುಮಾರು 12 ಆಂಪಿಯರ್. ಇದಕ್ಕೆ ಬದಲು, ಉದ್ದಕ್ಕೂ ಒಂದೇ ಎತ್ತರದಲ್ಲಿ ಒತ್ತಿ ಮುದ್ರಿಸಿದ ಹಾಡನ್ನು, ಗೇನ್ (ಆಂಪ್ಲಿಫೈಯರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಮಿತಿಮೀರಿಸಿ, ಧ್ವನಿ ಒಡೆಯುವಂತೆ ನುಡಿಸಿದರೆ ಸರಾಸರಿ ಮೂರನೇ ಒಂದು ಭಾಗಕ್ಕೆ ಏರುತ್ತದೆ. ಆಗ ಎಳೆತ 26 ಆಂಪಿಯರ್ ಸಮೀಪಿಸುತ್ತದೆ. ಅದೇ ಬೈಕು, ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್. ಕರೆಂಟಿನ ಖರ್ಚು ಮಾತ್ರ ಎರಡು ಪಟ್ಟಿಗೂ ಹೆಚ್ಚು. ನಿಮ್ಮ ಸಮಸ್ಯೆಯ ದೊಡ್ಡ ಪಾಲು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಬ್ಯಾಟರಿಯನ್ನು ಕೆರೆ ಎಂದೂ ಆಲ್ಟರ್ನೇಟರನ್ನು ಅದಕ್ಕೆ ನೀರು ತರುವ ಕಾಲುವೆ ಎಂದೂ ಭಾವಿಸಿ. ಮೃದಂಗದ ಪೆಟ್ಟಿಗೆ ಬೇಕಾಗುವ 72 ಆಂಪಿಯರ್ ಕ್ಷಣಮಾತ್ರ ಕೆರೆಯಿಂದ ಹೋಗುತ್ತದೆ, ಮರುಕ್ಷಣ ಕಾಲುವೆ ಅದನ್ನು ತುಂಬುತ್ತದೆ. ಸರಾಸರಿ ಹೊರಹರಿವು ಒಳಹರಿವಿಗಿಂತ ಕಡಿಮೆ ಇರುವವರೆಗೆ ತೊಂದರೆಯಿಲ್ಲ. ಟ್ರಾಫಿಕ್‌ನಲ್ಲಿ ನಿಮಗೆ ಉಳಿಯುವುದು 2 ಆಂಪಿಯರ್, ಆಂಪ್ಲಿಫೈಯರುಗಳು ಎಳೆಯುತ್ತಿರುವುದು 26. ಕೊರತೆ 24 ಆಂಪಿಯರ್. ಅರ್ಧ ಗಂಟೆಯಲ್ಲಿ 12 ಆಂಪಿಯರ್-ಗಂಟೆ ಖಾಲಿಯಾಗುತ್ತದೆ. ನಿಮ್ಮ ಬ್ಯಾಟರಿಯ ಸಾಮರ್ಥ್ಯ 28 ಆಂಪಿಯರ್-ಗಂಟೆ. ಅದರ ಅರ್ಧದ ಹತ್ತಿರ ಬರಿದಾದಾಗ ವೋಲ್ಟೇಜ್ 12.1 ತೋರಿಸುವುದು ಸಹಜ, ಸ್ಟಾರ್ಟರ್ ಮೋಟರು ಸೋಲುವುದೂ ಸಹಜ. ನಿಮ್ಮ ಬೈಕಿನ ಭಾಗಗಳಲ್ಲಿ ಯಾವುದೂ ಕೆಟ್ಟಿರಲಿಕ್ಕಿಲ್ಲ, ಕೆರೆಗೆ ಬರುವುದಕ್ಕಿಂತ ಹೋಗುವುದು ಹೆಚ್ಚಾಗಿದೆ.

ಎರಡನೇ ಕೆರೆಯನ್ನು ತೋಡಿದರೆ ಬರಿದಾಗುವುದು ತಡವಾಗುತ್ತದೆ, ಆದರೆ ಎರಡನ್ನೂ ತುಂಬಬೇಕಾದದ್ದು ಅದೇ ಒಂದು ಕಾಲುವೆ. ಕೆಪಾಸಿಟರಿನ ವಿಷಯ ಇನ್ನೂ ಸ್ಪಷ್ಟ. ಒಂದು ಫ್ಯಾರಡ್ ಕೆಪಾಸಿಟರ್ 14 ವೋಲ್ಟ್‌ನಿಂದ 12 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಕೊಡುವ ಶಕ್ತಿ 26 ಜೂಲ್. 500 ವ್ಯಾಟಿನ ಕೊರತೆಯನ್ನು ಅದು ತುಂಬುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು. ತೆಳುವಾದ ವೈರಿನ ತುದಿಯಲ್ಲಿರುವ ಆಂಪ್ಲಿಫೈಯರಿಗೆ ಪೆಟ್ಟಿನ ಕ್ಷಣದಲ್ಲಿ ಅದು ನೆರವಾದೀತು, ಆದರೆ ವೈರನ್ನೇ ದಪ್ಪ ಮಾಡಿದರೆ ಆ ನೆರವು ಬೇಕಾಗುವುದಿಲ್ಲ.

ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ವೈರಿಂಗ್ ಸರಿಪಡಿಸಿ. ಎರಡು ಆಂಪ್ಲಿಫೈಯರುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತೆ ಜೋಡಿಸಿದ್ದು ದೊಡ್ಡ ತಪ್ಪು. ಎರಡರ ಕರೆಂಟೂ ಮೊದಲನೆಯದರ ಸ್ಕ್ರೂ ಟರ್ಮಿನಲ್ ಮೂಲಕ ಹಾಯಬೇಕಾಗುತ್ತದೆ, ಎರಡನೆಯದಕ್ಕೆ ತಲಪುವ ವೋಲ್ಟೇಜ್ ಯಾವಾಗಲೂ ಕಡಿಮೆ. ನಿಮ್ಮಲ್ಲಿ ಎರಡನೆಯದೇ ಮೊದಲು ಆಫ್ ಆಗುವುದಕ್ಕೆ ಕಾರಣ ಅದೇ. 8 ಗೇಜ್ ತಾಮ್ರದ ವೈರಿಗೆ ಮೀಟರಿಗೆ ಸುಮಾರು 2 ಮಿಲಿಓಮ್ ತಡೆಯಿರುತ್ತದೆ. ಹೋಗಲು ಒಂದೂವರೆ ಮೀಟರ್, ಮರಳಲು ಒಂದೂವರೆ ಮೀಟರ್ ಎಂದು ಹಿಡಿದರೆ, 70 ಆಂಪಿಯರ್ ಹರಿಯುವಾಗ 0.43 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ. 4 ಗೇಜ್ ವೈರಿಗೆ ಮೀಟರಿಗೆ 0.8 ಮಿಲಿಓಮ್, ನಷ್ಟ 0.17 ವೋಲ್ಟ್. ವೈರಿನ ದಪ್ಪವನ್ನು ನಿರ್ಧರಿಸುವಾಗ ಸರಾಸರಿ ಕರೆಂಟನ್ನಲ್ಲ, ಪೆಟ್ಟಿನ ಕ್ಷಣದ ಕರೆಂಟನ್ನೇ ಗಣಿಸಬೇಕು. ಅಗ್ಗದ ಕಿಟ್‌ಗಳಲ್ಲಿ ಬರುವ, ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರು ಬೇಡ. ಅದೇ ಗಾತ್ರದಲ್ಲಿ ಅದರ ತಡೆ ತಾಮ್ರಕ್ಕಿಂತ ಬಹಳ ಹೆಚ್ಚು, ಕಂಪನಕ್ಕೆ ಎಳೆಗಳೂ ಬೇಗ ತುಂಡಾಗುತ್ತವೆ.

ಬ್ಯಾಟರಿಯ ಪಾಸಿಟಿವ್‌ನಿಂದ ಒಂದು 4 ಗೇಜ್ ವೈರು ಹೊರಡಲಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 80 ಆಂಪಿಯರಿನ ಮುಖ್ಯ ಫ್ಯೂಸ್ ಇರಲಿ. ಫೇರಿಂಗ್ ತಲಪಿದ ಮೇಲೆ ಡಿಸ್ಟ್ರಿಬ್ಯೂಷನ್ ಬ್ಲಾಕ್ ಒಂದರಿಂದ ಎರಡು 8 ಗೇಜ್ ಕವಲುಗಳು, ಪ್ರತಿ ಕವಲಿಗೂ 40 ಆಂಪಿಯರಿನ ಸ್ವಂತ ಫ್ಯೂಸ್. ಮುಖ್ಯ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನಲ್ಲ, ವೈರನ್ನು. ಅದು ಬ್ಯಾಟರಿಯಿಂದ ದೂರವಿದ್ದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಸ್ಟ್ರೀಟ್ ಗ್ಲೈಡ್‌ನ ಫೇರಿಂಗ್ ಮುಂದಿನ ಫೋರ್ಕಿಗೆ ಕೂಡಿಕೊಂಡದ್ದರಿಂದ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ವೈರು ಬಾಗುತ್ತದೆ. ಸ್ಟೀರಿಂಗ್ ಕುತ್ತಿಗೆಯ ಬಳಿ ಅದು ಚೌಕಟ್ಟಿಗೆ ಉಜ್ಜುತ್ತ ಉಜ್ಜುತ್ತ ಹೊದಿಕೆ ಸವೆಯುತ್ತದೆ. ಫ್ಯೂಸಿಲ್ಲದ ವೈರು ಹಾಗೆ ಚೌಕಟ್ಟಿಗೆ ತಾಗಿದರೆ, ಪೆಟ್ರೋಲ್ ಟ್ಯಾಂಕಿನ ಕೆಳಗೆ ನೂರಾರು ಆಂಪಿಯರ್ ಹರಿಯುತ್ತದೆ. ಇಷ್ಟೂ ಉತ್ತರದಲ್ಲಿ ನೀವು ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಈ ಫ್ಯೂಸಿನ ಸಲಹೆಯನ್ನು ಪಾಲಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಆ ಜಾಗದಲ್ಲಿ ವೈರಿಗೆ ಹೆಣೆದ ನೈಲಾನ್ ಕವಚ ತೊಡಿಸಿ, ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಎಲ್ಲಿಯೂ ಬಿಗಿಯಾಗುತ್ತಿಲ್ಲ, ಉಜ್ಜುತ್ತಿಲ್ಲ ಎಂದು ಕಣ್ಣಾರೆ ನೋಡಿ.

ನೆಗೆಟಿವ್ ವೈರನ್ನು ಫೇರಿಂಗ್ ಬ್ರಾಕೆಟ್‌ಗೆ ಬಿಗಿದದ್ದರಿಂದ ಕರೆಂಟು ಮರಳುವ ದಾರಿ ಫೋರ್ಕು, ಗ್ರೀಸ್ ತುಂಬಿದ ಸ್ಟೀರಿಂಗ್ ಬೇರಿಂಗ್, ಬಣ್ಣ ಬಳಿದ ಚೌಕಟ್ಟು ಮತ್ತು ಕಂಪನಿಯ ತೆಳು ಅರ್ತ್ ವೈರುಗಳ ಮೂಲಕ ಸಾಗುತ್ತದೆ. ಅಲ್ಲಿ ವೋಲ್ಟೇಜ್ ನಷ್ಟವಾಗುವುದಷ್ಟೇ ಅಲ್ಲ, ರೇಡಿಯೊ ಒಂದು ಜಾಗದಲ್ಲಿ, ಆಂಪ್ಲಿಫೈಯರ್ ಇನ್ನೊಂದು ಜಾಗದಲ್ಲಿ ಅರ್ತ್ ಆಗಿರುವುದರಿಂದ ಅವೆರಡರ ನಡುವಿನ ಸಣ್ಣ ವೋಲ್ಟೇಜ್ ಸಂಗೀತದ ಸಂಕೇತದೊಂದಿಗೆ ಬೆರೆತು, ಎಂಜಿನ್ ವೇಗದೊಂದಿಗೆ ಏರುವ ಆ ಕೀರಲು ಸದ್ದಾಗುತ್ತದೆ. ಪಾಸಿಟಿವ್‌ನಷ್ಟೇ ದಪ್ಪದ ನೆಗೆಟಿವ್ ವೈರನ್ನು ನೇರವಾಗಿ ಬ್ಯಾಟರಿಗೆ ಒಯ್ಯಿರಿ, ಎರಡೂ ಆಂಪ್ಲಿಫೈಯರುಗಳ ನೆಗೆಟಿವ್ ಒಂದೇ ಬ್ಲಾಕಿನಲ್ಲಿ ಕೂಡಲಿ. ಬಹುಪಾಲು ಸಂದರ್ಭಗಳಲ್ಲಿ ಸದ್ದು ಅಲ್ಲಿಗೇ ನಿಲ್ಲುತ್ತದೆ. ಸಂಕೇತದ ವೈರುಗಳು ಪವರ್ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಹೋಗದಂತೆಯೂ ನೋಡಿಕೊಳ್ಳಿ.

ಆಂಪ್ಲಿಫೈಯರುಗಳನ್ನು ಆನ್ ಮಾಡುವ ತೆಳು ವೈರಿನ ಬಗ್ಗೆ ನೀವು ಬರೆದಿಲ್ಲ. ರೇಡಿಯೊದಿಂದ ಬರುವ ರಿಮೋಟ್ ವೈರು ತೀರ ಸಣ್ಣ ಕರೆಂಟಿಗೆ ಮಾಡಿದ್ದು. ಎರಡು ಆಂಪ್ಲಿಫೈಯರುಗಳಿಗೆ ಆ ಕೆಲಸವನ್ನು ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್) ಒಂದಕ್ಕೆ ವಹಿಸುವುದು ಕ್ಷೇಮ: ರೇಡಿಯೊ ರಿಲೇಯ ಕಾಯಿಲನ್ನು ಮಾತ್ರ ಎಬ್ಬಿಸಲಿ, ರಿಲೇ ಫ್ಯೂಸ್ ಇರುವ ಪ್ರತ್ಯೇಕ ವೈರಿನಿಂದ ಎರಡಕ್ಕೂ 12 ವೋಲ್ಟ್ ಕೊಡಲಿ. ಕಾಯಿಲಿಗೆ ಅಡ್ಡಲಾಗಿ ಡಯೋಡ್ ಇರುವ ರಿಲೇಯನ್ನೇ ಕೊಳ್ಳಿ, ಇಲ್ಲದಿದ್ದರೆ ಆಫ್ ಆಗುವ ಕ್ಷಣದ ಹಿಮ್ಮುಖ ವೋಲ್ಟೇಜ್ ರೇಡಿಯೊಗೆ ಪೆಟ್ಟು ಕೊಡಬಹುದು. ರಿಲೇಯಿಂದ ಸ್ಯಾಡಲ್‌ಬ್ಯಾಗಿನ ಸ್ಪೀಕರುಗಳ ಆಂಪ್ಲಿಫೈಯರಿಗೆ ಹೋಗುವ ತೆಳು ವೈರಿನಲ್ಲಿ ಕೈಗೆಟಕುವಂತೆ ಒಂದು ಸ್ವಿಚ್ ಇಟ್ಟರೆ ಟ್ರಾಫಿಕ್‌ನಲ್ಲಿ ಅದನ್ನು ಆಫ್ ಮಾಡಬಹುದು. ನಿಮ್ಮಂಥವರಿಗೆ ಕೆಪಾಸಿಟರಿಗಿಂತ ಈ ಸಣ್ಣ ಸ್ವಿಚ್ ಹೆಚ್ಚು ಉಪಯುಕ್ತ.

ವೈರಿಂಗ್ ಆದ ಮೇಲೆ ಗೇನ್. ಗೇನ್ ಗುಬುಟು ವಾಲ್ಯೂಮ್ ಅಲ್ಲ, ರೇಡಿಯೊದ ಸಂಕೇತಕ್ಕೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಮಾಡುವ ಸಾಧನ. ಸ್ಪೀಕರುಗಳನ್ನು ಕಳಚಿ, ಎಂಜಿನ್ನನ್ನು 2000 ಆರ್‌ಪಿಎಂ ಆಸುಪಾಸಿನಲ್ಲಿ, ಗಾಳಿಯಾಡುವ ಬಯಲಿನಲ್ಲಿ ಓಡಿಸುತ್ತ, 1000 ಹರ್ಟ್ಸ್‌ನ ಪರೀಕ್ಷಾ ಟೋನನ್ನು ನುಡಿಸಿ. ರೇಡಿಯೊ ಒಡೆಯದೆ ಹಾಡುವ ಗರಿಷ್ಠ ವಾಲ್ಯೂಮಿಗೆ ಇಟ್ಟು, ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್ಲಿನಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟೇಜ್ ಸಿಗುತ್ತದೆ. ನಿಮಗೆ 100 ವ್ಯಾಟ್, 2 ಓಮ್, ಉತ್ತರ 14.1 ವೋಲ್ಟ್. ಗೇನನ್ನು ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಮೇಲೆ ತಿರುಗಿಸಿದರೆ ಹೆಚ್ಚುವುದು ಒಡಕು ಮತ್ತು ಕರೆಂಟಿನ ಖರ್ಚು, ಸಂಗೀತವಲ್ಲ.

ಇದಕ್ಕಿಂತಲೂ ಹೆಚ್ಚು ಕರೆಂಟು ಉಳಿಸುವುದು ಹೈಪಾಸ್ ಫಿಲ್ಟರ್. ಬೈಕಿನ ಆರೂವರೆ ಇಂಚಿನ ಸ್ಪೀಕರುಗಳು ತೀರ ಕೆಳಗಿನ ಸ್ವರಗಳನ್ನು ಹೇಗೂ ನುಡಿಸಲಾರವು, ನುಡಿಸಿದರೂ ಗಾಳಿಯ ಸದ್ದಿನಲ್ಲಿ ಅವು ಕೇಳುವುದಿಲ್ಲ. ಆದರೆ ಸಂಗೀತದಲ್ಲಿ ಅತಿ ಹೆಚ್ಚು ವ್ಯಾಟ್ ತಿನ್ನುವುದು ಆ ಸ್ವರಗಳೇ. 80 ಅಥವಾ 100 ಹರ್ಟ್ಸ್‌ನ ಕೆಳಗಿನದನ್ನು ಫಿಲ್ಟರಿನಿಂದ ತಡೆದರೆ ಕಿವಿಗೆ ನಷ್ಟವಾಗುವುದು ಅತ್ಯಲ್ಪ, ಆಲ್ಟರ್ನೇಟರಿಗೆ ಆಗುವ ಉಪಕಾರ ದೊಡ್ಡದು. ಬಾಸ್ ಬೂಸ್ಟ್ ಸ್ವಿಚ್ ಇದ್ದರೆ ಅದನ್ನು ಸೊನ್ನೆಗೆ ತನ್ನಿ. ಪ್ರತಿ 3 ಡೆಸಿಬೆಲ್ ಏರಿಕೆಗೂ ಶಕ್ತಿಯ ಬೇಡಿಕೆ ಇಮ್ಮಡಿಯಾಗುತ್ತದೆ. ಇದರ ಜೊತೆಗೆ ಹ್ಯಾಲೊಜನ್ ಹೆಡ್‌ಲೈಟನ್ನು ಒಳ್ಳೆಯ ಎಲ್‌ಇಡಿಗೆ ಬದಲಿಸಿದರೆ ಸುಮಾರು 2 ಆಂಪಿಯರ್ ಉಳಿಯುತ್ತದೆ. ಹೆದ್ದಾರಿಯಲ್ಲಿ ಅದು ಚಿಲ್ಲರೆ, ಸಿಗ್ನಲ್ಲಿನಲ್ಲಿ ನಿಂತಾಗ ನಿಮ್ಮ ಉಳಿತಾಯವನ್ನೇ ಇಮ್ಮಡಿಸುತ್ತದೆ.

ಎರಡನೇ ಬ್ಯಾಟರಿ ಯಾವಾಗ ಬೇಕು? ಎಂಜಿನ್ ಆಫ್ ಮಾಡಿ, ಬೈಕು ನಿಲ್ಲಿಸಿ ಗೆಳೆಯರೊಂದಿಗೆ ಹಾಡು ಕೇಳುವ ಅಭ್ಯಾಸವಿದ್ದರೆ ಅದು ನ್ಯಾಯವಾದ ಖರ್ಚು. 28 ಆಂಪಿಯರ್-ಗಂಟೆ ಎನ್ನುವುದು ಹಲವು ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಂಕಿ. 25 ಆಂಪಿಯರ್ ವೇಗದಲ್ಲಿ ಎಳೆದರೆ ಅಷ್ಟು ಸಿಗುವುದಿಲ್ಲ, ಹದಿನೈದು ನಿಮಿಷಕ್ಕಿಂತ ಹೆಚ್ಚು ಹಾಗೆ ನುಡಿಸಿ ಮತ್ತೆ ಸ್ಟಾರ್ಟ್ ಆಗುತ್ತದೆಂದು ನೆಚ್ಚಿಕೊಳ್ಳಬೇಡಿ. ಎರಡನೆಯದನ್ನು ಹಾಕಿದರೆ ವೋಲ್ಟೇಜ್ ನೋಡಿ ಕೂಡಿಸುವ, ಬಿಡಿಸುವ ಐಸೊಲೇಟರ್ ರಿಲೇಯೊಂದಿಗೇ ಹಾಕಿ. ಎಂಜಿನ್ ಓಡುವಾಗ ಎರಡೂ ಚಾರ್ಜ್ ಆಗಲಿ, ನಿಂತಾಗ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆಯಾಗಿ ಉಳಿಯಲಿ. ಲಿಥಿಯಂ ಬ್ಯಾಟರಿ ಹಗುರ, ವೋಲ್ಟೇಜನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆದರೆ ಬರಿದಾದಾಗ ಅದು ಆಲ್ಟರ್ನೇಟರ್ ಕೊಡಬಲ್ಲಷ್ಟು ಕರೆಂಟನ್ನೆಲ್ಲ ಒಮ್ಮೆಲೇ ಹೀರುತ್ತದೆ, ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ಲಿಥಿಯಂ ಮತ್ತು ಎಜಿಎಂ (ಸೀಸ-ಆಮ್ಲದ ಒಂದು ಬಗೆ) ಬ್ಯಾಟರಿಗಳನ್ನು ನೇರವಾಗಿ ಸಮಾನಾಂತರ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ.

ಕರ್ನಾಟಕದಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಯಂಥ ಬೈಕು ಓಡಿಸುವವರು ಇದನ್ನು ಓದಿ ಹುಮ್ಮಸ್ಸುಗೊಳ್ಳುವ ಮುನ್ನ ಒಂದು ಮಾತು: ಅಲ್ಲಿ ಬ್ಯಾಟರಿ 8 ಆಂಪಿಯರ್-ಗಂಟೆಯದು, ಆಲ್ಟರ್ನೇಟರಿನ ಉತ್ಪಾದನೆಯೂ ಈ ಟೂರಿಂಗ್ ಬೈಕಿನ ಅರ್ಧಕ್ಕಿಂತ ಬಹಳ ಕಡಿಮೆ. ಅಲ್ಲಿ ಎರಡು ಚಾನೆಲ್‌ನ ಒಂದು ಸಣ್ಣ ಕ್ಲಾಸ್ ಡಿ ಆಂಪ್ಲಿಫೈಯರನ್ನು ಮೀರಿ ಯೋಚಿಸಬಾರದು.

ಇಷ್ಟು ಮಾಡಿದ ಮೇಲೆ ಬ್ಯಾಟರಿಯನ್ನು ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆಯಿರಿ, 12.7 ವೋಲ್ಟ್ ಆಸುಪಾಸು ಇರಬೇಕು. 2500 ಆರ್‌ಪಿಎಂನಲ್ಲಿ ಸಂಗೀತವಿಲ್ಲದೆ 14.3ರಿಂದ 14.7, ನೀವು ಕೇಳುವ ವಾಲ್ಯೂಮಿನಲ್ಲಿ ಸಂಗೀತದೊಂದಿಗೆ 13.5ಕ್ಕಿಂತ ಮೇಲೆ ನಿಲ್ಲಬೇಕು. ಅದೇ ಹೊತ್ತಿನಲ್ಲಿ ಆಂಪ್ಲಿಫೈಯರಿನ ಟರ್ಮಿನಲ್ಲಿನಲ್ಲೂ ಅಳೆದು ನೋಡಿ. ಬ್ಯಾಟರಿಗೂ ಅದಕ್ಕೂ 0.3 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಾವುದೋ ಕ್ರಿಂಪ್ (ವೈರಿನ ತುದಿಗೆ ಒತ್ತಿ ಕೂರಿಸಿದ ಜೋಡಣೆ) ಅಥವಾ ಬೋಲ್ಟು ಸಡಿಲವಾಗಿದೆ. ಸಂಗೀತವಿಲ್ಲದೆಯೂ 14 ದಾಟದಿದ್ದರೆ ಎಂಜಿನ್ ನಿಲ್ಲಿಸಿ, ರೆಗ್ಯುಲೇಟರಿನಿಂದ ಸ್ಟೇಟರಿನ (ಆಲ್ಟರ್ನೇಟರಿನ ತಿರುಗದ, ಸುರುಳಿಗಳಿರುವ ಭಾಗ) ಪ್ಲಗ್ ಕಳಚಿ. ಮೂರು ಪಿನ್‌ಗಳಲ್ಲಿ ಯಾವುದಕ್ಕೂ ಎಂಜಿನ್ನಿನ ಲೋಹದೊಂದಿಗೆ ಸಂಪರ್ಕವಿರಬಾರದು. ಎಂಜಿನ್ ಓಡಿಸಿದಾಗ ಮೂರು ಜೋಡಿಗಳ ನಡುವಿನ ಎಸಿ ವೋಲ್ಟೇಜ್ ಸಮನಾಗಿರಬೇಕು. ಸಮನಾಗಿಲ್ಲದಿದ್ದರೆ ಸ್ಟೇಟರ್ ಸುಟ್ಟಿದೆ ಎಂದು ತಿಳಿಯಿರಿ. ಅದನ್ನು ಬದಲಿಸುವಾಗ ಹೆಚ್ಚು ಸಾಮರ್ಥ್ಯದ್ದನ್ನು ಹಾಕುವುದಾದರೆ ಅದಕ್ಕೆ ಹೊಂದುವ ರೆಗ್ಯುಲೇಟರನ್ನೂ ಜೊತೆಯಲ್ಲೇ ಬದಲಿಸಿ, ಮತ್ತು ಕೊಳ್ಳುವ ಮುನ್ನ ಅದರ ಗರಿಷ್ಠ ಅಂಕಿಯನ್ನಲ್ಲ, 1000 ಆರ್‌ಪಿಎಂನಲ್ಲಿ ಅದು ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದನ್ನು ಕೇಳಿ.